ಸುಮಾಳ ಮೂರನೆಯ ಪರೀಕ್ಷೆಗೆ ಇನ್ನೂರ ಎಪ್ಪತ್ತು ಮೈಲಿ

ನನ್ನನ್ನು ಶಿಕಾಗೋ ಕಡೆಗೆ ಕರೆದುಕೊಂಡು ಹೋದದ್ದು ಊರು ತೋರಿಸಲು ಅಲ್ಲ, ನನ್ನ ಬೆನ್ನು ಬೇಕಾಗಿತ್ತು ಅಂತ. ಅರವತ್ತೆಂಟು ವರ್ಷದ ಬೆನ್ನಿಗೆ ಅಮೆರಿಕದಲ್ಲಿ ಇಷ್ಟು ಬೇಡಿಕೆ ಇದೆಯೆಂದು ಗೊತ್ತಿದ್ದರೆ ಇನ್ನೂ ಮೊದಲೇ ಬರುತ್ತಿದ್ದೆ.

ಬೆನ್ನು ಬೇಕಾಗಿದ್ದದ್ದು ನನ್ನ ತಂಗಿಯ ಮಗಳು ಸುಮಾಳಿಗೆ. ಮಿಷಿಗನ್ನಿನ ಕ್ಯಾಂಟನ್‌ನಲ್ಲಿ ಅವಳ ಮನೆ. ಗಂಡ ಪ್ರಸಾದ್ ಕಾರು ಕಂಪನಿಯಲ್ಲಿ ಎಂಜಿನಿಯರ್, ಮಗಳು ಇರಾಳಿಗೆ ಎಂಟು ವರ್ಷ. ಮೈಸೂರಿನಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡಿಕೊಂಡಿದ್ದ ಹುಡುಗಿ ಇಲ್ಲಿಗೆ ಬಂದು, ಬಾಣಂತನದ ಬೆನ್ನುನೋವು ಒಬ್ಬ ಕೈರೋಪ್ರಾಕ್ಟರ್ ಕೈಯಲ್ಲಿ ವಾಸಿಯಾದ ಮೇಲೆ, ತಾನೂ ಅದನ್ನೇ ಕಲಿಯುತ್ತೇನೆಂದು ಹಟ ಹಿಡಿದಳು. ಬೆನ್ನುಮೂಳೆಯ ಕೀಲುಗಳನ್ನು ಕೈಯಿಂದಲೇ ಒತ್ತಿ ಸಡಿಲಿಸುವ ವೈದ್ಯ ಅದು. ಕಾಲೇಜು ಇರುವುದು ಶಿಕಾಗೋ ಹೊರವಲಯದಲ್ಲಿ. ಹಾಗಾಗಿ ವಾರವೆಲ್ಲ ಓಕ್ ಬ್ರೂಕ್ ಹತ್ತಿರ ಒಂದು ಬಾಡಿಗೆ ಕೋಣೆ, ವಾರದ ಕೊನೆಗೆ ಕ್ಯಾಂಟನ್. ಮೈಸೂರಿನ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಅಂಗರಚನಾಶಾಸ್ತ್ರ ಕಲಿಸಿದವಳು ನಾನು. ಲಟಿಕೆ ಮುರಿಯುವುದಕ್ಕೂ ಒಂದು ಡಿಗ್ರಿಯೇ ಎಂದು ಫೋನಿನಲ್ಲಿ ಅವಳನ್ನು ಎಷ್ಟೋ ಸಲ ರೇಗಿಸಿದ್ದೆ.

ಈ ಸಲ ರೇಗಿಸಲು ಬಾಯಿ ಬರಲಿಲ್ಲ. ಸೊಂಟದ ಮೂಳೆಯನ್ನು ಸರಿಪಡಿಸುವ ಒಂದು ಕ್ರಮದಲ್ಲಿ ಅವಳು ಎರಡು ಸಲ ಸೋತಿದ್ದಳು. ಮೂರನೆಯ ಅವಕಾಶ ಶುಕ್ರವಾರ. ಅದೂ ತಪ್ಪಿದರೆ ಕಾಲೇಜಿನ ಚಿಕಿತ್ಸಾಲಯಕ್ಕೆ ಪ್ರವೇಶವಿಲ್ಲ, ಇನ್ನೂ ನಾಲ್ಕು ತಿಂಗಳು ಕಾಯಬೇಕು. ಓದು ಅಷ್ಟು ತಡವಾಗಿ ಮುಗಿಯುತ್ತದೆ, ಅಂದರೆ ಇರಾಳಿಂದ ಇನ್ನೂ ನಾಲ್ಕು ತಿಂಗಳು ದೂರ. ಓರಗೆಯವರ ಮೇಲೆ ಸರಿಯಾಗಿ ಮಾಡುತ್ತಿದ್ದವಳಿಗೆ ಪರೀಕ್ಷೆಗೆ ಬರುವ ವಯಸ್ಸಾದವರ ಮೇಲೆ ಮಾತ್ರ ಕೈ ಕೂಡುತ್ತಿರಲಿಲ್ಲವಂತೆ. ಅದಕ್ಕೆ ಅಭ್ಯಾಸ ಮಾಡಲು ಒಬ್ಬ ವಯಸ್ಸಾದವಳು ಬೇಕು.

ನನ್ನನ್ನು ಕರೆದೊಯ್ಯಲೆಂದು ಸುಮಾ ಬುಧವಾರವೇ ಮನೆಗೆ ಬಂದಿದ್ದಳು. ಅಕ್ಟೋಬರ್ ತಿಂಗಳ ಆ ಗುರುವಾರ ಬೆಳಿಗ್ಗೆ ಏಳಕ್ಕೆ ಹೊರಟೆವು. ಹೊರಗೆ ನಲವತ್ತಾರು ಡಿಗ್ರಿ. ನಮ್ಮ ಲೆಕ್ಕದಲ್ಲಿ ಎಂಟು ಡಿಗ್ರಿಯಿರಬೇಕು, ಕಿವಿ ಕತ್ತರಿಸುವ ಚಳಿ. ಒಂದು ಡಬ್ಬಿ ಪುಳಿಯೋಗರೆ, ಒಂದು ಡಬ್ಬಿ ಮೊಸರನ್ನ, ಫ್ಲಾಸ್ಕಿನಲ್ಲಿ ಕಾಫಿ ಹಿಂದಿನ ಸೀಟಿನಲ್ಲಿ ಕೂತವು. ಇರಾ ಬಾಗಿಲಿಗೆ ಬಂದು ನನ್ನ ಕೋಟಿನ ಗುಂಡಿ ಹಾಕಿದಳು.

"ಅಜ್ಜಿ, ಡೋಂಟ್ ಮೂವ್, ಓಕೆ? ಅಮ್ಮ ಹ್ಯಾಸ್ ಟು ಪಾಸ್."

"ಕಲ್ಲಿನ ಥರ ಮಲ್ಕೋತೀನಿ, ಹೋಗು" ಎಂದೆ.

ಸುಮಾ ಕಾರು ಓಡಿಸುತ್ತಿದ್ದಳು. ಅವಳ ಕನ್ನಡಕಕ್ಕೆ ಹಿಂದಿನಿಂದ ಕರಿಯ ಎಲಾಸ್ಟಿಕ್ ಪಟ್ಟಿಯೊಂದು ಬಿಗಿದಿತ್ತು. ಆಟಗಾರರು ಹಾಕಿಕೊಳ್ಳುವಂಥದ್ದು.

"ಇದೇನೇ, ಕಬಡ್ಡಿ ಆಡ್ತೀಯಾ?"

"ಪರೀಕ್ಷೇಲಿ ಮಧ್ಯ ಮಧ್ಯ ಕನ್ನಡಕ ಮುಟ್ಕೋತೀನಂತೆ ದೊಡ್ಡಮ್ಮ. ಕ್ಯಾಮೆರಾದಲ್ಲಿ ಕಾಣ್ಸತ್ತೆ. ಎರಡೂ ಸಲ ಹಂಗೇ ಆಯ್ತು. ಜಾರ್ಬಾರ್ದು ಅಂತ ಇದನ್ನ ತಗೊಂಡೆ."

ಆ್ಯನ್ ಆರ್ಬರ್ ದಾಟಿದ ಮೇಲೆ ರಸ್ತೆಯ ಎರಡೂ ಬದಿಗೆ ಕೆಂಪು, ಹಳದಿ ಎಲೆಗಳ ಮರಗಳು. ನೋಡಲು ಚೆನ್ನಾಗಿತ್ತು, ಆದರೆ ನನ್ನ ತಲೆಯಲ್ಲಿ ಪರೀಕ್ಷೆಯೇ ಕೂತಿತ್ತು. ಎಷ್ಟಕ್ಕೆ ಎಷ್ಟು ಅಂಕ ಬರಬೇಕು ಎಂದು ಕೇಳಿದೆ.

"ಅಂಕ ಇಲ್ಲ ದೊಡ್ಡಮ್ಮ. ಕೆಲ್ಸ ಬರತ್ತೆ, ಇಲ್ಲಾ ಇನ್ನೂ ಬರಲ್ಲ. ಎರಡೇ. ಒಂದೊಂದು ಕೆಲ್ಸಕ್ಕೂ ಟ್ಯಾಬ್ಲೆಟ್‌ನಲ್ಲಿ ಒಂದೊಂದು ಚೌಕ ಇರತ್ತೆ. ಬಂದ್ರೆ ಹಸಿರಾಗತ್ತೆ. ಬರದೇ ಇದ್ರೆ ಎಲ್ಲಿ ತಪ್ತು ಅಂತ ಬರೆದುಕೊಡ್ತಾರೆ, ಮತ್ತೆ ಪ್ರಾಕ್ಟೀಸ್ ಮಾಡಿ ಬರ್ಬೇಕು. ಒಂದು ಟರ್ಮಿಗೆ ಮೂರು ಸಲ."

"ಮೂರು ಸಲ! ನಾವು ಇಷ್ಟು ಮುದ್ದು ಮಾಡ್ತಿರ್ಲಿಲ್ಲ."

ನಮ್ಮಲ್ಲಿ ವರ್ಷಕ್ಕೊಂದು ದಿನ ಪ್ರಾಯೋಗಿಕ ಪರೀಕ್ಷೆ. ಹುಡುಗರ ಕೈಗೆ ಒಂದು ಮೂಳೆ ಕೊಟ್ಟು ಎಡದ್ದೋ ಬಲದ್ದೋ ಎಂದು ಕೇಳುತ್ತಿದ್ದೆ. ಒಬ್ಬ ಹುಡುಗ ನಡುಗಿ ಮೂಳೆಯನ್ನು ನೆಲಕ್ಕೆ ಬೀಳಿಸಿದ. ನಾನು ಸೊನ್ನೆ ಬರೆದು ಮುಂದಿನವನನ್ನು ಕರೆದೆ. ಅವನಿಗೆ ಗೊತ್ತಿರಲಿಲ್ಲವೋ, ನನ್ನ ಮುಖ ನೋಡಿ ಮರೆತನೋ, ನಾನು ಕೇಳಲಿಲ್ಲ. ಆ ಹುಡುಗ ನನಗೆ ಆಗಾಗ ನೆನಪಾಗುತ್ತಾನೆ.

ಕಲಮಜೂ ಹತ್ತಿರ ವಿಶ್ರಾಂತಿ ತಾಣದಲ್ಲಿ ಕಾಫಿ ಕುಡಿದೆವು. ಅಲ್ಲಿಂದ ಮುಂದೆ ಸಣ್ಣ ಮಳೆ. ಮಿಷಿಗನ್ ಸರೋವರ ಪಕ್ಕದಲ್ಲೇ ಇದೆ ಎಂದು ಸುಮಾ ಹೇಳುತ್ತಲೇ ಇದ್ದಳು, ನನಗೆ ಕಂಡದ್ದು ಲಾರಿಗಳು ಮಾತ್ರ. ಇಂಡಿಯಾನಾ ಹೊಕ್ಕಾಗ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಯಿತು. ಬಿಟ್ಟಿ ಸಿಕ್ಕ ಗಂಟೆ ಎಂದು ಖುಷಿಪಟ್ಟೆ. ಹಿಂದಿರುಗುವಾಗ ವಾಪಸ್ ಕಿತ್ತುಕೊಳ್ಳುತ್ತಾರೆ ಎಂದು ಸುಮಾ ನಕ್ಕಳು. ಹನ್ನೊಂದು ದಾಟುವ ಹೊತ್ತಿಗೆ ಟೋಲ್ ರಸ್ತೆ ಬಿಟ್ಟು ಓಕ್ ಬ್ರೂಕ್ ಎಕ್ಸಿಟ್ ತಗೊಂಡೆವು. ಒಟ್ಟು ಇನ್ನೂರ ಎಪ್ಪತ್ತು ಮೈಲಿ.

ಊಟ ಮುಗಿಸಿ ಎರಡು ಗಂಟೆಗೆ ಕಾಲೇಜಿಗೆ ಹೋದೆವು. ಹೊಸ್ತಿಲಲ್ಲೇ ನನ್ನ ಜಂಬ ಇಳಿಯಿತು. ನಾನು ಬಣ್ಣದ ಸೀಮೆಸುಣ್ಣದಲ್ಲಿ ಒಂದು ಗಂಟೆ ಕೂತು ಬರೆಯುತ್ತಿದ್ದ ಸ್ನಾಯುಗಳೆಲ್ಲ ಅಲ್ಲಿ ಮಂಚದಷ್ಟು ದೊಡ್ಡ ಗಾಜಿನ ಪರದೆಯ ಮೇಲೆ ಮಲಗಿದ್ದವು. ಬೆರಳಾಡಿಸಿದರೆ ಚರ್ಮ ಹೋಗಿ ಸ್ನಾಯು, ಸ್ನಾಯು ಹೋಗಿ ಮೂಳೆ. ನಾನೂ ಬೆರಳಾಡಿಸಿದೆ, ಇಡೀ ದೇಹ ತಲೆಕೆಳಗಾಗಿ ನಿಂತಿತು. ಸುಮಾಳ ಗುರು ಡಾಕ್ಟರ್ ಹೆಲೆನ್ ಬಂದು ಅದನ್ನು ಮತ್ತೆ ಮಲಗಿಸಿಕೊಟ್ಟರು. ಅರವತ್ತರ ಆಸುಪಾಸಿನ, ಕತ್ತರಿಸಿದ ನರೆಗೂದಲಿನ ಹೆಂಗಸು. ಅವರ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಮೊದಮೊದಲು ಅದು ನನಗೂ ಹೀಗೇ ಮಾಡ್ತು" ಎಂದರು. ಆಮೇಲೆ ಒಂದು ಫಾರಂ ಕೊಟ್ಟು, ನನ್ನ ಮೂಳೆಗಳ ಸಾಂದ್ರತೆ ಪರೀಕ್ಷೆ ಆಗಿದೆಯೇ, ಯಾವ ಮಾತ್ರೆ ನುಂಗುತ್ತೇನೆ ಎಂದೆಲ್ಲ ಕೇಳಿದರು. "ನಿಮ್ಮ ಮೇಲೆ ಕೀಲು ಸಡಿಲಿಸುವ ಕೊನೆಯ ತಳ್ಳು ಬೇಡ. ಅದರ ಹಿಂದಿನವರೆಗೆ ಮಾತ್ರ ಮಾಡಲಿ."

ಅಭ್ಯಾಸದ ಮಂಚದ ಒಳಗೆ ಒತ್ತಡ ಅಳೆಯುವ ಯಂತ್ರವಿತ್ತು. ಕೈ ಎಷ್ಟು ಒತ್ತುತ್ತದೆ ಎಂಬುದು ಗೋಡೆಯ ಪರದೆಯ ಮೇಲೆ ಗೆರೆಯಾಗಿ ಮೂಡುತ್ತದೆ. ಒತ್ತಡ ಸಮನಾಗಿ ನಿಂತು, ಆಮೇಲೆ ಒಮ್ಮೆಗೇ ಏರಬೇಕು. ವಯಸ್ಸಾದವರ ಮೇಲೆ ಮಾಡುವಾಗ ಸುಮಾಳ ಗೆರೆ ಏರುವ ಮುಂಚೆ ಪ್ರತಿ ಸಲವೂ ಕುಸಿಯುತ್ತಿತ್ತಂತೆ. ಆ ಹೊತ್ತಿನಲ್ಲಿ ಕೈ ಬಿಟ್ಟು ಮತ್ತೆ ಒತ್ತಿದರೆ ರೋಗಿಗೆ ಪೆಟ್ಟಾಗಬಹುದು ಎಂದು ಹೆಲೆನ್ ವಿವರಿಸಿದರು.

ನಾನು ಅವಳ ಕಡೆಗೆ ಮುಖ ಮಾಡಿ ಮಗ್ಗುಲಾಗಿ ಮಲಗಿ, ಮೇಲಿನ ಕಾಲನ್ನು ಮಡಿಸಿಕೊಂಡೆ. ಸುಮಾ ಒಂದೇ ಉಸಿರಿಗೆ ಮಗ್ಗಿ ಒಪ್ಪಿಸಿದಂತೆ ಇಂಗ್ಲಿಷಿನಲ್ಲಿ ಹೇಳಿದಳು: ನಿಮ್ಮ ಸೊಂಟದ ಮೇಲೆ ಕೈ ಇಡುತ್ತೇನೆ, ನನ್ನ ಕಾಲು ನಿಮ್ಮ ಕಾಲಿಗೆ ತಾಗುತ್ತದೆ, ಒಪ್ಪಿಗೆಯೇ. ಇದನ್ನು ಕೇಳಲೇಬೇಕಂತೆ, ಪರೀಕ್ಷೆಯ ಪಟ್ಟಿಯಲ್ಲಿ ಅದಕ್ಕೂ ಜಾಗವಿದೆ. ನಾನು ಹೂಂ ಅನ್ನುವಷ್ಟರಲ್ಲಿ ಅವಳ ಕೈ ನನ್ನ ಬೆನ್ನ ಮೇಲಿತ್ತು. ಒಳ್ಳೆಯ ಕೈ, ಬೆಚ್ಚಗೆ, ಗಟ್ಟಿಯಾಗಿ ಕೂತಿತು. ಪರದೆಯ ಗೆರೆ ಸಮನಾಗಿ ಸಾಗಿತು. ಆಮೇಲೆ ಅವಳು ತನ್ನ ಕಾಲನ್ನೆತ್ತಿ ನನ್ನ ಮಡಿಸಿದ ಕಾಲಿಗೆ ಆನಿಸಿದಳು.

ಅಷ್ಟೇ, ಬೆನ್ನ ಮೇಲಿದ್ದ ಕೈ ಹಾರಿತು. ನನ್ನ ಮೊಣಕಾಲನ್ನು ಮುಟ್ಟಿ, ಅವಳ ಕಣ್ಣಿನ ತನಕ ಹೋಗಿ, ಮತ್ತೆ ಬೆನ್ನಿಗೆ ಬಂದು ಕೂತಿತು. ಕಣ್ಣು ಮಿಟುಕಿಸುವಷ್ಟು ಹೊತ್ತು.

"ಗೆರೆ ಮತ್ತೆ ಬಿತ್ತು" ಎಂದರು ಹೆಲೆನ್. "ಸುಮಾ, ಭಯಪಡಬೇಡ. ಕನ್ನಡಕ ಎಲ್ಲಿಗೂ ಹೋಗಲ್ಲ."

ನಾನು ಎದ್ದು ಕೂತೆ. "ಕನ್ನಡಕ ಅಲ್ಲ ಕಣೇ ಅದು! ಕಾಲು ತಾಗ್ತು ಅಂತ ಕಣ್ಣಿಗೊತ್ಕೊಂಡೆ ನೀನು!"

ಸುಮಾ ಪೆಚ್ಚಾಗಿ ನಿಂತಳು. ನಾನು ಕೇಳಿದ್ದಕ್ಕೆ ಹೆಲೆನ್ ಎರಡನೆಯ ಪರೀಕ್ಷೆಯ ವೀಡಿಯೊ ಹಾಕಿ ತೋರಿಸಿದರು. ರೋಗಿಯ ಮುಖ ಕಾಣದಂತೆ ಮಸುಕು ಮಾಡಿದ್ದರು. ನಿಧಾನವಾಗಿ ಮೂರು ಸಲ ನೋಡಿದೆವು. ಕಾಲು ತಾಗುತ್ತದೆ, ಕೈ ಏಳುತ್ತದೆ, ಕನ್ನಡಕದ ಅಂಚಿಗೆ ಹೋಗಿ ವಾಪಸಾಗುತ್ತದೆ. ಓರಗೆಯವರ ಮೇಲಿನ ವೀಡಿಯೊದಲ್ಲಿ ಕೈ ಅಲುಗುವುದೇ ಇಲ್ಲ. ಹಿರಿಯರಾದರೆ ಮಾತ್ರ ಏಳುತ್ತದೆ. ಕ್ಯಾಮೆರಾಕ್ಕೆ ಎಲ್ಲ ಕಂಡಿತ್ತು, ಪಾಪ, ಅದಕ್ಕೆ ಹೇಳಿಕೊಡುವವರು ಯಾರೂ ಇರಲಿಲ್ಲ.

ಹಿರಿಯರಿಗೆ ಕಾಲು ತಾಗಿದರೆ ನಮ್ಮಲ್ಲಿ ಏನು ಮಾಡುತ್ತಾರೆಂದು ಹೆಲೆನ್‌ಗೆ ವಿವರಿಸಿದೆ. ನನಗೆ ನಾಚಿಕೆಯೂ ಆಗುತ್ತಿತ್ತು, ಏಕೆಂದರೆ ಕಲಿಸಿದವಳು ನಾನೇ. ಐದು ವರ್ಷದವಳಿದ್ದಾಗ ಸುಮಾ ಓಡಿ ಬಂದು, ನೆಲದ ಮೇಲೆ ಮಲಗಿದ್ದ ತಾತನನ್ನು ತುಳಿದಿದ್ದಳು. ಕಿವಿ ಹಿಂಡಿ, ಮುಟ್ಟಿ ಕಣ್ಣಿಗೊತ್ತಿಕೋ ಎಂದು ಹತ್ತು ಸಲ ಮಾಡಿಸಿದ್ದೆ. ಮೂವತ್ತೊಂದು ವರ್ಷದ ನೌಕರಿಯಲ್ಲಿ ನಾನು ಕಲಿಸಿದ ಯಾವ ಪಾಠವೂ ಯಾರಿಗೂ ಇಷ್ಟು ಚೆನ್ನಾಗಿ ಹತ್ತಿರಲಿಕ್ಕಿಲ್ಲ.

ಹೆಲೆನ್ ವೀಡಿಯೊ ನಿಲ್ಲಿಸಿದರು. "ಎರಡು ತಿಂಗಳಿಂದ ಇವಳಿಗೆ ಧೈರ್ಯ ಹೇಳ್ತಾ ಇದ್ದೆ" ಎಂದರು. "ಧೈರ್ಯದ ಕೊರತೆ ಇರಲೇ ಇಲ್ಲ. ಇದನ್ನು ಬಿಟ್ಟುಬಿಡು ಅಂತ ನಾನು ಹೇಳಲಾರೆ. ಆದರೆ ಕೈ ಎತ್ತಿದರೆ ಪಾಸು ಮಾಡಲಾರೆ."

ಕಾರಣ ಗೊತ್ತಾದರೆ ಕೆಲಸ ಆಯಿತು ಎಂದುಕೊಂಡಿದ್ದೆ. ಆಗಲಿಲ್ಲ. ಮತ್ತೆ ಐದು ಸಲ ಮಾಡಿದಳು, ನಾಲ್ಕು ಸಲ ಕೈ ಎದ್ದಿತು. ಐದನೆಯ ಸಲ ಹಲ್ಲು ಕಚ್ಚಿ ಹಿಡಿದುಕೊಂಡಳು, ಪರದೆಯ ಗೆರೆ ಗಡಗಡ ನಡುಗಿತು.

ಸಂಜೆ ಅವಳ ಕೋಣೆಯಲ್ಲಿ ಅನ್ನ, ಸಾರು ಮಾಡಿ ಬಡಿಸಿದೆ. ತಟ್ಟೆಯಲ್ಲಿ ಬೆರಳಾಡಿಸುತ್ತ ಕೂತಳು.

"ಇದು ಹೋಗಲ್ಲ ದೊಡ್ಡಮ್ಮ. ಇನ್ನೂ ನಾಲ್ಕು ತಿಂಗಳು ಇರಾನ ವಾರವೆಲ್ಲಾ ವೀಡಿಯೊ ಕಾಲ್‌ನಲ್ಲೇ ನೋಡ್ಬೇಕು. ಮೊನ್ನೆ ಅವಳು ಹಲ್ಲು ಬಿದ್ದಿದ್ದನ್ನ ಫೋನಿಗೆ ಹಿಡಿದು ತೋರಿಸ್ತಾಳೆ, ನಾನಿಲ್ಲಿ ಮೂಳೆ ಬಾಯಿಪಾಠ ಮಾಡ್ತಿದೀನಿ."

ನನಗೆ ಅವಳ ಡ್ಯಾನ್ಸ್ ಕ್ಲಾಸು ನೆನಪಾಯಿತು. ಚಿಕ್ಕವಳಿದ್ದಾಗ ಅವಳು ಆರು ವರ್ಷ ಭರತನಾಟ್ಯ ಕಲಿತಿದ್ದಳು. ಕರೆದುಕೊಂಡು ಹೋಗಿ ಬರುತ್ತಿದ್ದವಳು ನಾನೇ.

"ಡ್ಯಾನ್ಸ್ ಶುರು ಮಾಡೋಕ್ ಮುಂಚೆ ನೆಲಕ್ಕೆ ಏನ್ ಮಾಡ್ತಿದ್ದೆ?"

"ನಮಸ್ಕಾರ. ತುಳೀತೀವಲ್ಲ, ಕ್ಷಮಿಸು ಅಂತ."

"ಆಮೇಲೆ ಒಂದೊಂದು ಹೆಜ್ಜೆಗೂ ಬಗ್ಗಿ ಕಣ್ಣಿಗೊತ್ಕೋತಿದ್ದ್ಯಾ?"

ಅವಳು ತಲೆಯೆತ್ತಿ ನೋಡಿದಳು. "ಅದ್ ಸರಿ. ಆದ್ರೆ ಇಲ್ಲಿ ಪೇಷಂಟ್ ಕಾಲಿಗೆ ಬೀಳಕ್ಕಾಗತ್ತಾ?"

"ನಂಗೇನೇ ಗೊತ್ತು? ನಿನ್ ಕಾಲೇಜು, ನೀನೇ ಯೋಚ್ನೆ ಮಾಡು. ಮೊದ್ಲು ಊಟ ಮಾಡು" ಎಂದು ಗದರಿದೆ.

ಶುಕ್ರವಾರ ಹತ್ತು ಗಂಟೆಗೆ ಅವಳು ಪರೀಕ್ಷೆಯ ಕೋಣೆಗೆ ಹೋದಳು. ಹೊರಗಿನವರಿಗೆ ಒಳಗೆ ಪ್ರವೇಶವಿಲ್ಲ. ನಾನು ಪಡಸಾಲೆಯ ಬೆಂಚಿನ ಮೇಲೆ ಕೂತು, ಗೋಡೆಗೆ ತೂಗುಹಾಕಿದ್ದ ಬೆನ್ನುಮೂಳೆಯ ಚಿತ್ರದಲ್ಲಿ ಗೆಣ್ಣುಗಳನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಎಣಿಸಿದೆ. ಪರೀಕ್ಷಕಿಯಾಗಿ ಸಾವಿರ ಸಲ ಒಳಗೆ ಕೂತಿದ್ದೇನೆ, ಹೊರಗೆ ಕಾಯುವವರ ಕೈ ಹೀಗೆ ತಣ್ಣಗಾಗುತ್ತದೆಂದು ಗೊತ್ತಿರಲಿಲ್ಲ.

ಇಪ್ಪತ್ತು ನಿಮಿಷವಾದ ಮೇಲೆ ಬಾಗಿಲು ತೆರೆದು ಎತ್ತರದ ಮುದುಕರೊಬ್ಬರು ಬಂದು, ನನ್ನ ಪಕ್ಕದಲ್ಲಿ ಕೂತು ಷೂ ಲೇಸು ಕಟ್ಟಿಕೊಳ್ಳತೊಡಗಿದರು. ಹೆಸರು ವಾಲ್ಟರ್, ನಿವೃತ್ತ ಬಸ್ ಚಾಲಕರು, ವಿದ್ಯಾರ್ಥಿಗಳ ಪರೀಕ್ಷೆಗೆ ರೋಗಿಯಾಗಿ ಬರುತ್ತಾರೆ ಎಂದು ಅವರೇ ಹೇಳಿದರು.

"ಆ ಹುಡುಗಿ ನಿಮ್ಮವಳಾ?"

ಹೌದೆಂದೆ.

"ಹೋದ ಸಲವೂ ನನ್ನ ಮೇಲೇ ಮಾಡಿದ್ದಳು. ಆಗ ವಿಮಾನದಲ್ಲಿ ಘೋಷಣೆ ಮಾಡುವ ಹಾಗೆ ಒಪ್ಪಿಗೆ ಕೇಳಿದ್ದಳು. ಇವತ್ತು ನನ್ನ ಮುಂದೆ ನಿಂತು, ಮುಖ ನೋಡಿ, ನನ್ನ ಕಾಲು ನಿಮಗೆ ತಾಗುತ್ತೆ, ಪರವಾಗಿಲ್ವಾ ಅಂತ ಕೇಳಿ, ನಾನು ಉತ್ತರ ಕೊಡುವವರೆಗೆ ಕಾದಳು. ಇಷ್ಟು ವರ್ಷದಲ್ಲಿ ಯಾರೂ ಕಾದಿರಲಿಲ್ಲ. ಏನು ಹೇಳಬೇಕು ಅಂತ ನಾನೇ ತಡಬಡಿಸಿದೆ. ಪರವಾಗಿಲ್ಲಮ್ಮ ಅಂದೆ. ಒಂದು ಚೂರು ತಲೆ ಬಗ್ಗಿಸಿ ಥ್ಯಾಂಕ್ ಯೂ ಅಂದಳು."

"ಆಮೇಲೆ? ಕೈ?"

"ಕೈ ಅಲ್ಲೇ ಇತ್ತು" ಎಂದರು ವಾಲ್ಟರ್, ಎದ್ದು ನಿಂತು ಸೊಂಟ ತಿರುಗಿಸಿ ನೋಡಿಕೊಂಡು.

ಸುಮಾ ಹೊರಬಂದಾಗ ಒಂದು ಕೈಯಲ್ಲಿ ಕರಿಯ ಪಟ್ಟಿ, ಇನ್ನೊಂದರಲ್ಲಿ ಟ್ಯಾಬ್ಲೆಟ್. ಹಸಿರು ಚೌಕಗಳ ನಡುವೆ ಬೂದಾಗಿ ಉಳಿದಿದ್ದ ಚೌಕವೂ ಹಸಿರಾಗಿತ್ತು. ಅವಳ ಹಿಂದೆ ನಿಂತಿದ್ದ ಹೆಲೆನ್ ನನ್ನ ಕಡೆಗೆ ಕೈ ಜೋಡಿಸಿದರು. ನನಗೆ ಅಳು ಬಂತು, ಬರಲಿ ಎಂದು ಬಿಟ್ಟೆ.

ಮಧ್ಯಾಹ್ನವೇ ಹೊರಟೆವು. ಇಂಡಿಯಾನಾ ಬಿಡುವಾಗ ಬಿಟ್ಟಿ ಸಿಕ್ಕಿದ್ದ ಗಂಟೆಯನ್ನು ವಾಪಸ್ ಕಿತ್ತುಕೊಂಡರು. ಮೂಳೆ ಬೀಳಿಸಿದ ಆ ಹುಡುಗನಿಗೂ ಎರಡನೆಯ ಸಲ ಎಂಬುದೊಂದು ಇರಬೇಕಿತ್ತು. ಅದನ್ನು ಸುಮಾಳಿಗೆ ಹೇಳಿಬಿಟ್ಟೆ. "ಈಗ ಹೇಳಿದ್ರಲ್ಲ, ಬಿಡಿ" ಎಂದಳು.

ಕಲಮಜೂ ಹತ್ತಿರದ ಅದೇ ತಾಣದಲ್ಲಿ ಬಿಸಿಲು ಬಿದ್ದಿತ್ತು. ಹೊರಗಿನ ಮರದ ಮೇಜಿನ ಎದುರುಬದುರು ಕೂತು ಉಳಿದ ಪುಳಿಯೋಗರೆ ಬಿಚ್ಚಿದೆವು. ಸೋಮವಾರ ಚಿಕಿತ್ಸಾಲಯದಲ್ಲಿ ಮೊದಲ ರೋಗಿ ಯಾರಿರಬಹುದು, ಇರಾಳಿಗೆ ಸುದ್ದಿಯನ್ನು ಹೇಗೆ ಹೇಳುವುದು ಎಂದು ಸುಮಾ ಒಂದೇ ಸಮನೆ ಮಾತಾಡುತ್ತಿದ್ದಳು. ಕಾಲು ಚಾಚಿದವಳ ಷೂ ಮೇಜಿನ ಕೆಳಗೆ ನನ್ನ ಪಾದಕ್ಕೆ ತಾಗಿತು. ಮಾತು ನಿಲ್ಲಲಿಲ್ಲ. ಅವಳ ಕೈ ಮಾತ್ರ ಮೇಜಿನ ಮೇಲಿಂದ ಚಾಚಿ ನನ್ನ ತೋಳು ಮುಟ್ಟಿ, ಕಣ್ಣಿಗೆ ಹೋಗಿ ಬಂತು. ಪಟ್ಟಿಯಿಲ್ಲದ ಕನ್ನಡಕ ಸ್ವಲ್ಪ ಸೊಟ್ಟಗಾಯಿತು. ಅವಳಿಗೆ ಅದು ಗೊತ್ತೇ ಆಗಲಿಲ್ಲ.