ಕಲ್ಲಿನ ನೆರಳಿಗೆ ಬಿಡದ ಅವ್ವ

ನಮ್ಮ ಅವ್ವನ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಶಹಾಬಾದಿನ ಕಲ್ಲಿನ ಖಣಿಯಲ್ಲಿ ಉಳಿ ಹಿಡಿದು ಹಿಡಿದು, ಸುತ್ತಿಗೆಯ ಏಟಿಗೆ ಎರಡು ಸಲ ಹೋಗಿ ಬಂದಿತ್ತಂತೆ. ಮೂರನೇ ಸಲ ಬರಲೇ ಇಲ್ಲ.

ನೆಲಕ್ಕೆ ಹಾಸಲು ಸೀಳಿದ ಫರಸಿ ಕಲ್ಲುಗಳನ್ನು ಗೋಡೆಗೆ ಒರಗಿಸಿ ಸಾಲಾಗಿ ನಿಲ್ಲಿಸುತ್ತಿದ್ದರು. ಕಲ್ಲಿಗೂ ಗೋಡೆಗೂ ನಡುವೆ ಒಂದು ಸಂದು. ಹೊರಗೆ ಅಂಗಾಲು ಸುಡುವ ಬಿಸಿಲು, ಸಂದಿನೊಳಗೆ ಕೊಡದ ಹೊಟ್ಟೆಯಂಥ ತಂಪು. ಕೂಲಿಯವರ ಮಕ್ಕಳೆಲ್ಲ ಅಲ್ಲೇ ಮಲಗುತ್ತಿದ್ದರು, ನಾನೊಬ್ಬಳು ಬಿಸಿಲಲ್ಲಿ. ಒಂದು ದಿನ ತಡೆಯಲಾರದೆ ನುಸುಳಿದೆ. ಅವ್ವ ಜಡೆ ಹಿಡಿದು ಎಳೆದು, ಎಲ್ಲರೆದುರು ಬಡಿದಳು.

“ಏ ಹುಡುಗಿ, ಕೂಸಿಗ್ ಕೊಲ್ತಿ ಏನ? ನೆರಳಿಗ್ ಕುಂತದ, ಕಳವು ಮಾಡಿಲ್ಲ” ಎಂದು ಅವ್ವನನ್ನು ತಡೆದಳು ಜೊತೆಯಲ್ಲಿ ದುಡಿಯುವ ಮುದುಕಿ.

“ಬಿಸಿಲಿಗ್ ಕರಗೂದಿಲ್ಲ ಇಕಿ. ನೀ ಸುಮ್ಕಿರು ಆಯಿ.”

ನನ್ನ ಮಕ್ಕಳ ಮೇಲೆ ಎಂದೂ ಕೈ ಎತ್ತುವುದಿಲ್ಲ ಎಂದು ಆವತ್ತೇ ಆಣೆ ಮಾಡಿಕೊಂಡೆ.

ಮದುವೆಯಾದ ಮೇಲೂ ಅವ್ವ, ನಾನು ಒಂದೇ ಖಣಿಗೆ ಹೋಗುತ್ತಿದ್ದೆವು. ಮಗನಿಗೆ ನಾಲ್ಕು ವರ್ಷ. ನನ್ನ ಮಾತು ಕೇಳುವವನಲ್ಲ. ಅವ್ವ ಗದರಿದರೆ ಮಾತ್ರ ಕುಂತಲ್ಲೇ ಕುಂತಿರುತ್ತಿದ್ದ.

“ಅವನ ಮ್ಯಾಲ ಕಣ್ಣು ಕೆಂಪ ಮಾಡಬ್ಯಾಡವ್ವ. ನನಗ್ ಮಾಡಿದ್ದು ಸಾಕಾಗ್ಲಿಲ್ಲೇನು?”

“ನಾ ಸತ್ತ ಮ್ಯಾಲ ಹೆಗಲಿಗ್ ಕುಂದ್ರಿಸ್ಕೊಂಡು ಕುಣಿ” ಅನ್ನುತ್ತಿದ್ದಳು.

ಒಂದು ಬೇಸಿಗೆ, ಅವ್ವ ನೀರಿಗೆ ಹೋದದ್ದು ನೋಡಿ ನಾನೇ ಮಗನನ್ನು ಆ ಸಂದಿನಲ್ಲಿ ಮಲಗಿಸಿದೆ. ಲಾರಿ ಬಂತು. ಒಳಗೆ ಕೂಸಿರುವುದು ತಿಳಿಯದೆ ಹಮಾಲರು ಆ ತುದಿಯಿಂದ ಕಲ್ಲು ಎತ್ತತೊಡಗಿದರು. ಧಡಧಡ ಸಪ್ಪಳ. ಓಡಿದೆ. ಸಾಲು ಕುಸಿದಿತ್ತು. ಎರಡು ಕಲ್ಲುಗಳು ಮಾತ್ರ ಒಂದಕ್ಕೊಂದು ತಾಗಿ ಓರೆಯಾಗಿ ನಿಂತಿದ್ದವು. ಅವುಗಳ ಅಡಿಯಿಂದ ನನ್ನ ಮಗನ ಒಂದು ಪಾದ ಕಾಣುತ್ತಿತ್ತು.

“ಬಾರೋ ನನ್ನ ಬಂಗಾರ, ಅವ್ವನ ಕಡಿ ಬಾ!”

ಬರಬೇಕೆಂದು ಅವನು ಕಾಲು ಬಡಿಯುವನು. ಬಡಿದಾಗೊಮ್ಮೆ ಕಲ್ಲು ಕರ್ ಎಂದು ಬೆರಳಷ್ಟು ಕೆಳಗೆ ಜಾರುವುದು. ನನಗೆ ತಿಳಿಯಲಿಲ್ಲ. ಕರೆಯುತ್ತಲೇ ಇದ್ದೆ. ಕರೆದು ಕರೆದು ನಾನೇ ಅವನನ್ನು ಕೊಲ್ಲುತ್ತಿದ್ದೆ.

ಕೊಡ ಎಸೆದು ಬಂದ ಅವ್ವ ನನ್ನ ಬಾಯಿ ಒತ್ತಿ ಹಿಡಿದಳು. ಬಗ್ಗಿ ಗುಡುಗಿದಳು: “ಏಯ್! ಅಲುಗ್ಯಾಡಿದ್ರ ನೋಡು! ಹಂಗೇ ಬಿದ್ಕೋ!”

ಅಳು ನಿಂತಿತು. ಕಾಲು ನಿಂತಿತು.

“ಕಲ್ಲಿನ ಬುಡಕ ಹಾರಿಕೋಲು ಹಾಕ್ರೋ. ಎತ್ತಬ್ಯಾಡ್ರಿ, ಬರೇ ತಡೀರಿ!” ಎಂದು ಗಂಡಸರಿಗೆ ಹೇಳಿ, ಹೊಟ್ಟೆಯ ಮೇಲೆ ತೆವಳಿ ಒಳಗೆ ಹೋದಳು. ಕಲ್ಲು ಇನ್ನೊಮ್ಮೆ ಕರ್ ಎಂದಿತು. ದೇವರ ಹೆಸರು ಒಂದೂ ನೆನಪಾಗಲಿಲ್ಲ ನನಗೆ.

ಮಗನನ್ನು ಎಳೆದು ತಂದಳು. ಅವನು ಹೊರಗೆ ಬಂದವನೇ ಅವಳ ಸೀರೆಯ ಮೇಲೆ ಉಚ್ಚೆ ಹೊಯ್ದ. ಅವ್ವ ಹೊಡೆದದ್ದು ನನ್ನ ಕೆನ್ನೆಗೆ.

“ಇನ್ನೊಂದು ಹೊಡಿ ಅವ್ವ” ಎಂದೆ.

ಆಗಲಿಲ್ಲ ಅವಳಿಗೆ. ಅಲ್ಲೇ ಕುಳಿತು ನನ್ನ ಮಗನ ಕಾಲ್ಬೆರಳು ಒಂದೊಂದಾಗಿ ಮುಟ್ಟಿ ಎಣಿಸಿದಳು. ಅವಳು ಹಾಗೆ ಮುಟ್ಟಿದ್ದನ್ನು ನಾನು ಕಂಡದ್ದು ಆವತ್ತೇ ಮೊದಲು.

“ನಾ ಸಣ್ಣಾಕಿ ಇದ್ದಾಗ ಅಲ್ಲಿ ಯಾಕ ಹೋಗಬ್ಯಾಡ ಅಂತ ಹೇಳಬಾರದಿತ್ತೇನವ್ವ?” ಎಂದು ಆಮೇಲೆ ಕೇಳಿದೆ.

“ತಿಳಿಸಿ ಹೇಳಾಕ ಪುರಸೊತ್ತೆಲ್ಲಿತ್ತು? ಹೆದರಿಸೂದು ಲಗೂ ಆಗ್ತದ.”

ಆ ಮಗನಿಗೆ ಈಗ ಮಗಳು. ಮೊನ್ನೆ ನನ್ನ ಬೆರಳು ಬಿಟ್ಟು ನಾಲ್ಕು ಹೆಜ್ಜೆ ಹಾಕಿದಳು. ಖುಷಿ ತಡೆಯಲಾರದೆ ಓಣಿಗೆಲ್ಲ ಸಕ್ಕರೆ ಹಂಚಿದೆ. ಹಂಚುತ್ತಲೇ ಅತ್ತುಬಿಟ್ಟೆ. ತೋರಿಸೋಣವೆಂದರೆ ಅವ್ವ ಇಲ್ಲವಲ್ಲ.

ನನ್ನ ಮಕ್ಕಳಿನ್ನೂ ಸಣ್ಣವರಿದ್ದಾಗಲೇ ಕಲ್ಲಿನ ಧೂಳು ಅವ್ವನ ಎದೆ ತಿಂದಿತ್ತು. ಕೊನೆಯ ದಿನ ಉಸಿರು ಸಿಕ್ಕುತ್ತಿರಲಿಲ್ಲ. ನನ್ನದು ತಪ್ಪಾಯಿತು ಎಂದು ಹೇಳಬೇಕೆಂದು ತಲೆದೆಸೆಗೆ ಕುಳಿತೆ.

“ಇಲ್ಲ್ಯಾಕ ಕುಂತಿ? ನಾ ಎಲ್ಲಿ ಓಡಿ ಹೋಗ್ಲಿಕತ್ತೀನಿ? ಮಕ್ಕಳು ಎಲ್ಲದಾವ ನೋಡ್ ಹೋಗು.”

ಎದ್ದು ಹೋದೆ. ಮಕ್ಕಳು ಬೇವಿನ ಕಟ್ಟೆಯ ಮೇಲೆ ಆಡುತ್ತಿದ್ದರು. ತಿರುಗಿ ಬರುವಷ್ಟರಲ್ಲಿ ಅವ್ವ ಇರಲಿಲ್ಲ.

ಸಾಯುವ ತಾಯಿಯನ್ನು ಬಿಟ್ಟು ಎದ್ದು ಹೋದಳು ಎಂದು ಓಣಿಯವರು ಇಂದಿಗೂ ಆಡುತ್ತಾರೆ. ಆಡಲಿ. ಅವಳು ಹೇಳಿದ್ದನ್ನು ಎದುರು ಮಾತಾಡದೆ ನಾನು ಕೇಳಿದ್ದು ಅದೊಂದೇ ಸಲ.