ಗಿಫ್ಟ್ ಅಂಗಡಿಯ ಕಂಬ

ಸ್ನೇಹಿತರೇ, ಹಾಸನದ ಹೊರಗಿರುವ ನಮ್ಮ ಮನರಂಜನಾ ಪಾರ್ಕಿನಲ್ಲಿ ಇವತ್ತು ಒಂದು ಮರದ ಕಂಬಕ್ಕಾಗಿ ಜಗಳವಾಯಿತು. ಗಿಫ್ಟ್ ಅಂಗಡಿಯನ್ನು ಪೂರ್ತಿ ಬದಲಾಯಿಸುತ್ತೇವೆಂದು ಮ್ಯಾನೇಜರ್ ಹೊಸ ನಕ್ಷೆ ಅಂಟಿಸಿದ್ದರು. ಅದರಲ್ಲಿ ಕಂಬವೇ ಇಲ್ಲ! ವರ್ಷ ವರ್ಷವೂ ಬರುವವರು ಮಕ್ಕಳನ್ನು ಒರಗಿಸಿ ನಿಲ್ಲಿಸಿ, ತಲೆಯ ಮಟ್ಟಕ್ಕೆ ಗೆರೆ ಎಳೆದು ಹೆಸರು ಬರೆಯುವ ಕಂಬ ಅದು. ನನ್ನ ಗೆರೆಯೂ ಇದೆ, ಈಗ ನನ್ನ ಸೊಂಟದ ಹತ್ತಿರ.

"ಕಂಬ ಕಿತ್ತಾಕುದ್ರೆ ನಾವ್ಯಾರೂ ಈ ಕಡೆ ತಲೆ ಆಕಲ್ಲ ಸಾ," ಎಂದರು ಹೊಳೆನರಸೀಪುರದ ಅಕ್ಕ ಒಬ್ಬರು.

"ಒಳಗೆ ನಿಲ್ಲಕ್ಕೇ ಜಾಗ ಇಲ್ಲ ಕಣಕ್ಕ. ಗೆದ್ಲು ಇಡ್ದಿರೋ ಕಂಬ ಇಟ್ಕಂಡು ಪೂಜೆ ಮಾಡ್ತೀರಾ?" ಎಂದು ಮಗಳೊಂದಿಗೆ ಬಂದಿದ್ದ ಚನ್ನರಾಯಪಟ್ಟಣದವರೊಬ್ಬರು ರೇಗಿದರು.

ಅರ್ಧ ಗಂಟೆ ಕೂಗಾಟದ ನಂತರ ಮ್ಯಾನೇಜರ್ ಪೆನ್ಸಿಲ್ ತೆಗೆದು ನಕ್ಷೆಯ ನಡುವೆ ಒಂದು ಚೌಕ ಬರೆದರು. "ಕಂಬ ಇಲ್ಲೇ ಇರ್ತದೆ, ಮಿಕ್ಕಿದ್ದೆಲ್ಲ ಹೊಸದು. ಆಯ್ತಾ?"

ಎಲ್ಲರೂ ಚಪ್ಪಾಳೆ ತಟ್ಟಿದೆವು. ತಿರುಗಿ ನೋಡಿದರೆ, ಅದೇ ಪೆನ್ಸಿಲ್ ಹಿಡಿದು ಕಂಬದ ಬಳಿ ಬಗ್ಗಿದ್ದವರು ಚನ್ನರಾಯಪಟ್ಟಣದವರು. "ಕಾಲ್ತುದೀಲಿ ನಿಂತ್ಕಬ್ಯಾಡ ಕಣವ್ವ, ಮೋಸ ಆಯ್ತದೆ," ಎಂದು ಮಗಳಿಗೆ ಹೇಳುತ್ತಿದ್ದರು.

ಗೆದ್ದಲಿನ ಸುದ್ದಿಯೇ ಇಲ್ಲ.