ಎತ್ತುವುದು ಬೇಡ, ಅಳತೆ ಹೇಳಿ

ಹತ್ತೂವರೆಯ ಚಹಾ ಬಿಡುವು ಹದಿನೈದೇ ನಿಮಿಷ. ಆಸ್ಪತ್ರೆಯ ಟೆಲಿಫೋನ್ ಕೋಣೆಯಲ್ಲಿ ಆಪರೇಟರ್ ಹೆಡ್‌ಫೋನ್ ಕಳಚಿ ಕೊಕ್ಕೆಗೆ ಹಾಕಿದರು. ಚಹಾದ ಲೋಟಕ್ಕೆ ತಟ್ಟೆ ಮುಚ್ಚಿದರು. ಸ್ವಂತ ಮೊಬೈಲಿನಿಂದ ಬೆಟ್ಟದ ಮೇಲಿನ ಅತಿಥಿಗೃಹವೊಂದಕ್ಕೆ ಕರೆ ಮಾಡಿದರು. ಆ ವಾರದಲ್ಲಿ ಅದು ಹನ್ನೊಂದನೆಯದು.

“ನಾನು ಗಾಲಿಕುರ್ಚಿಯಲ್ಲಿ ಓಡಾಡೋಳು. ಗೇಟಿಂದ ಹಿಂದಿನ ಜಗಲಿವರೆಗೆ ಮೆಟ್ಟಿಲು ಇದೆಯಾ?”

“ಏನೂ ತೊಂದ್ರೆ ಇಲ್ಲ ಮೇಡಂ, ಎಲ್ಲಾ ಸಮತಟ್ಟು,” ಎಂದ ಅಲ್ಲಿಯ ಮ್ಯಾನೇಜರ್.

“ಸಾಮಾನು ತಳ್ಳೋ ಗಾಡಿ ಇದೆಯಾ? ನಿಮ್ಮ ಫೋನ್ ಅದರ ಮೇಲಿಟ್ಟು ಗೇಟಿಂದ ಜಗಲಿವರೆಗೆ ತಳ್ಕೊಂಡು ಹೋಗಿ. ನಾನು ಕೇಳಿಸ್ಕೊತೀನಿ.”

ಮ್ಯಾನೇಜರ್ ನಕ್ಕ, ಆದರೂ ತಳ್ಳಿದ. ಮೊದಲು ಜಲ್ಲಿಕಲ್ಲಿನ ಕರಕರ. ಆಮೇಲೆ ಸಿಮೆಂಟಿನ ನುಣುಪು. ಆಮೇಲೆ ಗಾಲಿಗಳ ಸದ್ದು ನಿಂತು ಮನುಷ್ಯನೊಬ್ಬ ತಿಣುಕಿದ ಸದ್ದು ಬಂತು. ಹಿಂದೆಯೇ ಧಡ್, ಮತ್ತೊಂದು ಧಡ್.

“ನಿಲ್ಲಿ. ಈಗ ಎರಡು ಮೆಟ್ಟಿಲು ಹತ್ತಿಸಿದ್ರಿ.”

“ಅದು ಮೆಟ್ಟಿಲಲ್ಲ ಮೇಡಂ, ಹೊಸ್ತಿಲು.”

“ಒಂದು ಬಾಗಿಲಿಗೆ ಎಷ್ಟು ಹೊಸ್ತಿಲು ಇಟ್ಟಿದ್ದೀರಪ್ಪಾ?”

ಪಟ್ಟಿಯಲ್ಲಿ ಆ ಅತಿಥಿಗೃಹದ ಮೇಲೆ ಅಡ್ಡಗೆರೆ ಬಿತ್ತು. ಚಹಾ ತಣ್ಣಗಾಗಿತ್ತು, ಒಂದೇ ಗುಟುಕಿಗೆ ಕುಡಿದರು.

ಆಸ್ಪತ್ರೆಯ ಯಾವ ಫೋನಿನಿಂದಲಾದರೂ ಸೊನ್ನೆ ಒತ್ತಿದರೆ ಸಿಗುವುದು ಇವರೇ. ಹಾಗಾಗಿ ಮುಖ್ಯ ವೈದ್ಯರಿಂದ ಕಸ ಗುಡಿಸುವವರವರೆಗೆ ಎಲ್ಲರಿಗೂ ಇವರು ‘ಸೊನ್ನೆಯಕ್ಕ’. ವಯಸ್ಸು ನಲವತ್ತೇಳು. ಇಪ್ಪತ್ತೊಂದರಲ್ಲಿ ಬಸ್ಸು ಉರುಳಿ ಬೆನ್ನುಹುರಿಗೆ ಪೆಟ್ಟಾಯಿತು. ಅಂದಿನಿಂದ ಗಾಲಿಕುರ್ಚಿ.

ಹಕ್ಕಿಯ ಹುಚ್ಚು ಹಿಡಿದದ್ದು ಈ ಕೋಣೆಯಲ್ಲೇ. ಕಿಟಕಿಯ ಹೊರಗೆ ಬಟ್ಟೆ ಒಗೆಯುವ ಕಟ್ಟೆ, ಅದರಾಚೆ ಸೋರುವ ನಲ್ಲಿ. ಹತ್ತೊಂಬತ್ತು ವರ್ಷದಲ್ಲಿ ಆ ನಲ್ಲಿಗೆ ಬಂದುಹೋದ ಮೂವತ್ತೊಂದು ಬಗೆಯ ಹಕ್ಕಿಗಳನ್ನು ಕುಳಿತಲ್ಲಿಂದಲೇ ಗುರುತಿಸಿದ್ದಾರೆ, ಅರ್ಧದಷ್ಟನ್ನು ಕಿವಿಯಿಂದ. ಇವರಿಗೆ ಬೇಕಾದದ್ದು ಮಾತ್ರ ಬೆಟ್ಟ ಬಿಟ್ಟು ಇಳಿಯುವುದಿಲ್ಲ. ಅದು ಸಿಳ್ಳಾರ. ಕಡುನೀಲಿ ಮೈ. ಬೆಳಕು ಹರಿಯುವಾಗ ತೊರೆಯ ಬಂಡೆಯ ಮೇಲೆ ಕೂತು, ಸ್ನಾನ ಮಾಡುತ್ತ ಯಾವುದೋ ರಾಗ ಅರ್ಧಂಬರ್ಧ ನೆನೆಯುವವರ ಹಾಗೆ ಸಿಳ್ಳೆ ಹಾಕುತ್ತದೆ.

ಊರಿನ ಪಕ್ಷಿವೀಕ್ಷಕರ ಸಂಘ ಪ್ರತಿವರ್ಷ ಬೆಟ್ಟಕ್ಕೆ ಹೋಗುತ್ತದೆ. ಕಳೆದ ಸಲ ಇವರು ಹೆಸರು ಕೊಟ್ಟಾಗ ಕಾರ್ಯದರ್ಶಿ ಪ್ರೀತಿಯಿಂದಲೇ ಹೇಳಿದ್ದರು: “ಖಂಡಿತಾ ಬನ್ನಿ. ನೀವು ವ್ಯಾನಲ್ಲೇ ಆರಾಮಾಗಿ ಕೂತಿರಿ, ನಾವು ಫೋಟೋ ತಂದು ತೋರಿಸ್ತೀವಿ.”

“ಫೋಟೋ ನೋಡೋಕೆ ಬೆಟ್ಟ ಯಾಕೆ ಸಾರ್, ನನ್ನ ಹತ್ರ ಕ್ಯಾಲೆಂಡರ್ ಇದೆ,” ಎಂದು ಇವರು ಫೋನ್ ಇಟ್ಟರು. ಅಂದೇ ಸ್ವಂತ ಪ್ರವಾಸದ ಪಟ್ಟಿ ಶುರುವಾಯಿತು.

ಷರತ್ತು ಒಂದೇ: ಯಾರೂ ಎತ್ತಬಾರದು. ಅದಕ್ಕೊಂದು ಹಿನ್ನೆಲೆ ಇದೆ. ಚಿಕ್ಕಮ್ಮನ ಮಗಳ ಮದುವೆ ಮೂರನೆಯ ಮಹಡಿಯಲ್ಲಿತ್ತು, ಲಿಫ್ಟ್ ಕೆಟ್ಟಿತ್ತು. ನಾಲ್ವರು ಇವರನ್ನು ಕುರ್ಚಿ ಸಮೇತ ಹೊತ್ತು ಹತ್ತಿಸಿದರು. ಮದುವೆಯ ಆಲ್ಬಮ್ಮಿನಲ್ಲಿ ಆ ಚಿತ್ರವೂ ಇದೆ. ಬೀರು ಸಾಗಿಸುವವರ ಹಾಗೆ ಹಲ್ಲು ಕಚ್ಚಿದ ನಾಲ್ಕು ಮುಖಗಳು ಅದರಲ್ಲಿ ಸ್ಪಷ್ಟವಾಗಿವೆ, ಇವರ ಮುಖ ಮಾತ್ರ ಯಾರದೋ ಮೊಣಕೈ ಹಿಂದೆ. ಆಮೇಲೆ ಇವರು ಮೆಟ್ಟಿಲಿರುವ ಯಾವ ಸಮಾರಂಭಕ್ಕೂ ಹೋಗಿಲ್ಲ.

ಹನ್ನೆರಡನೆಯ, ಹದಿಮೂರನೆಯ ಅತಿಥಿಗೃಹಗಳಲ್ಲೂ ‘ಏನೂ ತೊಂದ್ರೆ ಇಲ್ಲ’ ಎಂಬ ಉತ್ತರವೇ ಬಂತು. ಹದಿನಾಲ್ಕನೆಯದರಲ್ಲಿ ಫೋನ್ ಎತ್ತಿದವರು ಅಡುಗೆಯನ್ನೂ ನೋಡಿಕೊಳ್ಳುವ ಮೇಲ್ವಿಚಾರಕಿ. ಪ್ರಶ್ನೆ ಕೇಳಿ ಮುಗಿಯುವ ಮೊದಲೇ ಹೇಳಿದರು:

“ಆಗಲ್ಲಮ್ಮಾ. ಜಗಲಿಗೆ ಮೂರು ಮೆಟ್ಟಿಲಿವೆ. ಬಚ್ಚಲ ಬಾಗಿಲೂ ಕಿರಿದು. ನಿಮಗೆ ಕಷ್ಟ.”

ಇವರು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಹದಿನಾಲ್ಕು ಕರೆಗಳಲ್ಲಿ ಇದೇ ಮೊದಲ ‘ಆಗಲ್ಲ’.

“ಮೆಟ್ಟಿಲು ಎಷ್ಟೆತ್ತರ?”

“ತಡೀರಿ, ಟೇಪ್ ತರ್ತೀನಿ... ಏಳಿಂಚು, ಏಳಿಂಚು, ಮೇಲಿಂದು ಐದು. ಯಾಕೆ, ಕಟ್ಟಡ ಕೊಂಡ್ಕೊತೀರಾ?”

“ಸಿಳ್ಳಾರ ಬರುತ್ತಾ ಅಲ್ಲಿ? ನೀಲಿ ಹಕ್ಕಿ, ಸಿಳ್ಳೆ ಹಾಕುತ್ತಲ್ಲ...”

“ಅಯ್ಯೋ, ಅದಾ! ಜಗಲಿ ಕೆಳಗೇ ತೊರೆ. ದಿನಾ ಬೆಳಿಗ್ಗೆ ಒಂದೇ ಸಮ ಕೂಗಿ ನನ್ನ ನಿದ್ದೆ ಹಾಳು ಮಾಡುತ್ತೆ. ಬೇಕಾದ್ರೆ ಹಿಡ್ಕೊಂಡು ಹೋಗಿ.”

ಕೋಣೆ ಕಾಯ್ದಿರಿಸಿಯಾಯಿತು. ಬಚ್ಚಲ ಬಾಗಿಲನ್ನು ಕಳಚಿ ಪರದೆ ಹಾಕಲು ಮೇಲ್ವಿಚಾರಕಿ ಒಪ್ಪಿದರು. ಉಳಿದದ್ದು ಹತ್ತೊಂಬತ್ತು ಇಂಚು.

ಸ್ಕೂಟರ್ ರಿಪೇರಿ ಅಂಗಡಿ ಇಟ್ಟಿರುವ ಅಣ್ಣ, ಅದನ್ನು ಕೇಳಿ ಕೈ ಒರೆಸಿಕೊಳ್ಳುತ್ತ ನಕ್ಕ.

“ಮೂರೇ ಮೆಟ್ಟಿಲಾ? ನಾನೂ ಬರ್ತೀನಲ್ಲ, ಎತ್ತಿ ಇಡ್ತೀನಿ ಬಿಡು. ಒಂದು ನಿಮಿಷದ ಕೆಲ್ಸ.”

“ಆ ಒಂದು ನಿಮಿಷ ಬೇಡ ಅಂತಾನೇ ಹದಿನಾಲ್ಕು ಫೋನ್ ಮಾಡಿದ್ದು.”

“ನಿಂಗೆ ಹಟ ಜಾಸ್ತಿ ಆಯ್ತು.”

“ನಿಂಗೆ ಸೊಂಟನೋವು ಜಾಸ್ತಿ ಆಗಿದೆ. ಹೋದ ತಿಂಗಳು ಸಿಲಿಂಡರ್ ಎತ್ತಿ ಮೂರು ದಿನ ಅತ್ತಿಗೆ ಕೈಲಿ ಚಾಕರಿ ಮಾಡಿಸ್ಕೊಂಡೋನು ಯಾರು?”

ಒಳಗಿದ್ದ ಅತ್ತಿಗೆ, “ಮೂರಲ್ಲ, ಐದು ದಿನ,” ಎಂದು ತಿದ್ದಿದಳು. ಅಣ್ಣ ಅಳತೆಗೋಲು ಹುಡುಕಿದ.

ನಾಲ್ಕು ಅಡಿಯ ಮೂರು ತಗಡಿನ ಹಲಗೆಗಳನ್ನು ಕೊಂಡಿಯಿಂದ ಜೋಡಿಸಿ, ಕೆಳಗೆ ಕಬ್ಬಿಣದ ಕಾಲು ಕೊಟ್ಟು ಅವನು ಇಳಿಜಾರು ಮಾಡಿದ. ಹನ್ನೆರಡು ಅಡಿಯಲ್ಲಿ ಹತ್ತೊಂಬತ್ತು ಇಂಚು ಏರುವುದು ಬರೀ ತೋಳಿಗೆ ಕಡಿದಾಯಿತು. ಇದಕ್ಕಿಂತ ಉದ್ದ ಮಾಡಿದರೆ ಪ್ರವಾಸಕ್ಕೆ ಗೊತ್ತುಮಾಡಿದ ಬಾಡಿಗೆ ಜೀಪಿನ ಮೇಲೆ ಹಿಡಿಸದು. ಕೊನೆಗೆ ಸೊನ್ನೆಯಕ್ಕನೇ ದಾರಿ ಹೇಳಿದರು: ಮೇಲಿನ ಕಂಬಕ್ಕೊಂದು ಹಗ್ಗ, ಅದನ್ನು ಕೈ ಮೇಲೆ ಕೈಯಿಟ್ಟು ಎಳೆದುಕೊಂಡು ಹತ್ತುವುದು.

ಆಸ್ಪತ್ರೆಯ ಹಿಂಬದಿಯಲ್ಲಿ ಔಷಧಿ ಪೆಟ್ಟಿಗೆ ಇಳಿಸುವ, ಹೆಚ್ಚುಕಡಿಮೆ ಅಷ್ಟೇ ಎತ್ತರದ ಕಟ್ಟೆ ಇದೆ. ಕೆಲಸ ಮುಗಿದ ಮೇಲೆ, ಸಂಜೆ ಐದರ ಬಿಸಿಲಲ್ಲಿ, ಅಲ್ಲೇ ಅಭ್ಯಾಸ. ಮೊದಲ ದಿನ ಅರ್ಧಕ್ಕೆ ಬಂದು ಕುರ್ಚಿ ಹಿಂದಕ್ಕೆ ಜಾರಿತು. ಅಣ್ಣ ಎರಡೂ ಕೈ ಚಾಚಿದ.

“ಕೈ ತೆಗಿ! ಗಾಲಿ ಹಿಂದೆ ಮರದ ತುಂಡು ಇಡು ಸಾಕು.”

“ಬಿದ್ರೆ?”

“ಬಿದ್ರೆ ಆಸ್ಪತ್ರೆ ದೂರ ಇಲ್ಲ.”

ಎರಡನೆಯ ದಿನ ಅಂಗೈಯ ಚರ್ಮ ಕಿತ್ತುಬಂತು. ಮೂರನೆಯ ದಿನ ಅಣ್ಣ ಸ್ಕೂಟರ್ ಓಡಿಸುವಾಗ ಹಾಕುವ ತನ್ನ ಚರ್ಮದ ಕೈಗವಸು ತಂದುಕೊಟ್ಟ. ಆರನೆಯ ದಿನ ಕಟ್ಟೆಯ ಮೇಲೆ ದಾಸ್ತಾನು ಎಣಿಸುತ್ತಿದ್ದ ಔಷಧಿ ವಿಭಾಗದವರು ಪೆನ್ನು ಹಿಡಿದು ನಿಂತು ನೋಡಿದರು. ಮುಂದಿನ ಗಾಲಿ ಅಂಚು ದಾಟಿತು, ಹಿಂದಿನದೂ ದಾಟಿತು. ಯಾರೋ ಚಪ್ಪಾಳೆ ಶುರು ಮಾಡಿದರು.

“ಚಪ್ಪಾಳೆ ಬೇಡ, ದಾರಿ ಬಿಡಿ. ಇಳಿದು ಇನ್ನೊಂದ್ಸಲ ಹತ್ತಬೇಕು,” ಎಂದರು ಸೊನ್ನೆಯಕ್ಕ.

ಆ ಸಂಜೆ ನಾಲ್ಕು ಸಲ ಹತ್ತಿದರು.

ಹಗ್ಗ ಕಟ್ಟಲು ಜಗಲಿಯ ಕಂಬಕ್ಕೆ ಕಬ್ಬಿಣದ ಬಳೆ ಜಡಿಸಿರುವುದಾಗಿ ಮೇಲ್ವಿಚಾರಕಿ ತಿಳಿಸಿದ್ದಾರೆ. ಹಲಗೆಗಳನ್ನು ಹೇರಿಕೊಂಡು ಜೀಪು ಇದೇ ಶುಕ್ರವಾರ ಬೆಳಿಗ್ಗೆ ಆರಕ್ಕೆ ಹೊರಡುತ್ತದೆ.